ಇಬ್ಬರಿಗೂ ಸಾಲವಿದೆ, ಜಂಟಿ ಖಾತೆ ತೆರೆಯಬೇಕಾ? ನಾಲ್ಕು ದಾರಿಗಳ ಹೋಲಿಕೆ

ಮದುವೆಯಾಗಿ ಮೂರ್ನಾಲ್ಕು ತಿಂಗಳಾದ ಜೋಡಿಗಳು ನನ್ನನ್ನು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. "ಅವರಿಗೊಂದು ಪರ್ಸನಲ್ ಲೋನ್ ಇದೆ, ನನಗೆ ಓದಿನ ಸಾಲ ಇದೆ. ಜಾಯಿಂಟ್ ಅಕೌಂಟ್ ತೆಗೆದರೆ ಅವರ ಸಾಲ ನನ್ನ ತಲೆಗೆ ಬರುತ್ತಾ?" ಕೇಳುವಾಗ ದನಿ ಸಣ್ಣದಾಗುತ್ತದೆ. ಕಟ್ಟಿಕೊಂಡವರನ್ನು ನಂಬುವುದಿಲ್ಲ ಅಂತ ಯಾರಾದರೂ ಅಂದುಕೊಂಡಾರು ಎಂಬ ಹೆದರಿಕೆ. ಆ ಸಂಕೋಚ ಬೇಡ. ಪ್ರೀತಿ ಎಷ್ಟೇ ಇದ್ದರೂ ಬ್ಯಾಂಕ್ ನೋಡುವುದು ಸಹಿಯನ್ನು ಮಾತ್ರ.

ನಾವು ಖಾತೆ ತೆರೆದಾಗ ಇದನ್ನೆಲ್ಲ ಹೇಳಿಕೊಡುವವರು ಯಾರೂ ಇರಲಿಲ್ಲ. ನಮ್ಮ ಮನೆಯವರಿಗೆ ಮದುವೆಗೆ ಮುಂಚಿನ ಒಂದು ಪರ್ಸನಲ್ ಲೋನ್ ಇತ್ತು. ಸಾಲ ಕೊಟ್ಟ ಬ್ಯಾಂಕಿನ ಶಾಖೆ ಮನೆಗೆ ಹತ್ತಿರ. ಜಂಟಿ ಖಾತೆಯನ್ನೂ ಅಲ್ಲೇ ತೆರೆದೆವು. ಒಂದೂವರೆ ವರ್ಷದ ಮೇಲೆ ಅವರ ಕೆಲಸ ಹೋಯಿತು, ಎರಡು ಕಂತು ತಪ್ಪಿತು. ಮೂರನೇ ತಿಂಗಳು ಬಾಡಿಗೆಗೆ ಅಂತ ನನ್ನ ಸಂಬಳದಿಂದ ಹಾಕಿಟ್ಟಿದ್ದ 18,000 ರೂಪಾಯಿ ಬೆಳಿಗ್ಗೆ ಖಾತೆಯಲ್ಲಿತ್ತು, ಮಧ್ಯಾಹ್ನ ಇರಲಿಲ್ಲ. ಬ್ಯಾಂಕ್ ಅದನ್ನು ಸಾಲಕ್ಕೆ ಜಮಾ ಮಾಡಿಕೊಂಡಿತ್ತು. ಕೇಳಿದರೆ ಸಾಲದ ಕರಾರಿನ ಒಂದು ಸಾಲು ತೋರಿಸಿದರು. ಅರ್ಜಿ ಬರೆದು ಮೂರು ವಾರ ಓಡಾಡಿದ ಮೇಲೆ ಒಂದಷ್ಟು ವಾಪಸ್ ಬಂತು. ಆದರೆ ಆ ತಿಂಗಳ ಬಾಡಿಗೆಗೆ ನಾನು ಬಳೆ ಅಡವಿಟ್ಟಿದ್ದೆ. ಆ ಮೂರು ವಾರ ಬೇರೆ ಯಾರಿಗೂ ಬರದಿರಲಿ ಅಂತಲೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಗೊತ್ತಿರಬೇಕಾದ್ದು

ಜಂಟಿ ಖಾತೆ ಬೇರೆ, ಜಂಟಿ ಸಾಲ ಬೇರೆ. ನೀವು ಸಾಲದ ಪತ್ರಕ್ಕೆ ಸಹ-ಅರ್ಜಿದಾರರಾಗಿಯೋ ಜಾಮೀನುದಾರರಾಗಿಯೋ ಸಹಿ ಹಾಕದಿದ್ದರೆ, ಗಂಡನ ಅಥವಾ ಹೆಂಡತಿಯ ಹಳೆಯ ಸಾಲ ನಿಮ್ಮದಾಗುವುದಿಲ್ಲ. ಉಳಿತಾಯ ಖಾತೆಗೆ ಹೆಸರು ಸೇರಿಸಿದ ಮಾತ್ರಕ್ಕೆ ಸಿಬಿಲ್ ಸ್ಕೋರ್, ಅಂದರೆ ಸಾಲ ತೀರಿಸಿದ ರೀತಿಗೆ ಸಿಗುವ ಅಂಕ, ಕೂಡ ಕಲೆಯುವುದಿಲ್ಲ. ಇಬ್ಬರ ವರದಿಯೂ ಬೇರೆ ಬೇರೆಯೇ ಇರುತ್ತದೆ.

ಹಾಗಾದರೆ ಅಪಾಯ ಇರುವುದೆಲ್ಲಿ? ಸಾಲ ನಿಮ್ಮದಾಗದಿದ್ದರೂ ನಿಮ್ಮ ದುಡ್ಡು ಸಾಲದ ಕೈಗೆ ಸಿಗುವ ಜಾಗದಲ್ಲಿ ಇರಬಹುದು. ಅದು ಮೂರು ರೀತಿಯಲ್ಲಿ ಆಗುತ್ತದೆ.

ಮೊದಲನೆಯದು, ಸಾಲ ಕೊಟ್ಟ ಬ್ಯಾಂಕಿನಲ್ಲೇ ಖಾತೆ ಇರುವುದು. ಸುಸ್ತಿಯಾದ ಸಾಲಕ್ಕೆ ಅದೇ ಗ್ರಾಹಕರ ಠೇವಣಿಯನ್ನು ಹೊಂದಿಸಿಕೊಳ್ಳುವ ಹಕ್ಕು ಬ್ಯಾಂಕಿಗಿದೆ. ಇದನ್ನು ಸೆಟ್-ಆಫ್ ಅನ್ನುತ್ತಾರೆ. ಸಾಲ ಮತ್ತು ಠೇವಣಿ ಎರಡೂ ಒಬ್ಬರದ್ದೇ ಆಗಿರಬೇಕು ಅನ್ನುವುದು ಸಾಮಾನ್ಯ ತತ್ವ. ಅಂದರೆ ಒಬ್ಬರ ಸಾಲಕ್ಕೆ ಇಬ್ಬರ ಖಾತೆಯಿಂದ ಮುರಿದುಕೊಳ್ಳಬಾರದು. ಆದರೆ ಸಾಲಗಾರರ ಹೆಸರಿರುವ ಯಾವ ಖಾತೆಯಿಂದಲಾದರೂ, ಜಂಟಿ ಖಾತೆಯಿಂದಲೂ, ಮುರಿದುಕೊಳ್ಳಬಹುದು ಎಂಬ ಷರತ್ತು ಎಷ್ಟೋ ಸಾಲದ ಕರಾರುಗಳಲ್ಲಿ ಇರುತ್ತದೆ. ಆಗ ತತ್ವ ನಿಮ್ಮ ಕಡೆ ಇದ್ದರೂ ಹಣ ಅವರ ಕಡೆ ಹೋಗಿರುತ್ತದೆ. ವಾಪಸ್ ತರುವ ಓಡಾಟ ನಿಮ್ಮದು.

ಎರಡನೆಯದು, ನೀವೇ ಕೊಟ್ಟ ಆಟೋ ಡೆಬಿಟ್. ಜಂಟಿ ಖಾತೆಯಿಂದ ಒಬ್ಬರ ಇಎಂಐಗೆ ನ್ಯಾಚ್ ಒಪ್ಪಿಗೆ (ಪ್ರತಿ ತಿಂಗಳು ಕಂತು ತಾನಾಗಿಯೇ ಮುರಿದುಕೊಳ್ಳಲು ಅನುಮತಿ) ಕೊಟ್ಟಿದ್ದರೆ, ಅದು ಯಾರ ಸಂಬಳದ ದುಡ್ಡು ಅಂತ ಯಂತ್ರ ನೋಡುವುದಿಲ್ಲ. 5ನೇ ತಾರೀಕು ಬಂದರೆ ಎಳೆದುಕೊಳ್ಳುತ್ತದೆ.

ಮೂರನೆಯದು ತೆರಿಗೆ ಬಾಕಿ. ಆದಾಯ ತೆರಿಗೆ ಇಲಾಖೆ ಬಾಕಿದಾರರ ಜಂಟಿ ಖಾತೆಗೂ ನೋಟಿಸ್ ಕೊಡಬಹುದು. ಬೇರೆ ರೀತಿ ಸಾಬೀತು ಮಾಡುವ ತನಕ ಇಬ್ಬರ ಪಾಲೂ ಸಮ ಅಂತಲೇ ಲೆಕ್ಕ ಎಂದು 1961ರ ಆದಾಯ ತೆರಿಗೆ ಕಾಯ್ದೆಯ 226ನೇ ಕಲಂ ಹೇಳಿತ್ತು. ಸಂಬಳದವರಿಗೆ ಇದು ಅಪರೂಪ. ವ್ಯಾಪಾರ ಮಾಡುವ ಮನೆಗಳಲ್ಲಿ ಹಾಗಲ್ಲ.

ಇನ್ನೊಂದು ಮಾತು. ಸಾಲ ಅಂದರೆ ಬ್ಯಾಂಕಿನದು ಮಾತ್ರ ಅಲ್ಲ. ಸೊಸೈಟಿಯಲ್ಲಿ ಚಿಕ್ಕಪ್ಪನ ಮಗನಿಗೆ ಹಾಕಿದ ಜಾಮೀನು ಕೂಡ ಸಾಲವೇ. ಜಾಮೀನುದಾರರ ಹೊಣೆ ಸಾಲಗಾರರ ಹೊಣೆಯಷ್ಟೇ ಅಂತ 1872ರ ಕರಾರು ಕಾಯ್ದೆಯಲ್ಲಿದೆ. ಎತ್ತಿ ಖರ್ಚು ಮಾಡಿದ ಚೀಟಿಯ ಉಳಿದ ಕಂತುಗಳು ಸಾಲವೇ. ಅಡವಿಟ್ಟ ಚಿನ್ನ, ಅಣ್ಣನ ಹತ್ತಿರ ತಂದ ಕೈಸಾಲ, ಫೋನ್ ಕೊಂಡಾಗಿನ ಕಂತು, ಎಲ್ಲವೂ. ಸಂಘದ ಸಾಲ, ಮೈಕ್ರೋಫೈನಾನ್ಸ್ ಇದ್ದವರು ಇದನ್ನು ವಿಶೇಷವಾಗಿ ಗಮನಿಸಿ. 2022ರ ಆರ್‌ಬಿಐ ನಿಯಮದ ಪ್ರಕಾರ ಮೈಕ್ರೋಫೈನಾನ್ಸ್ ಸಾಲಕ್ಕೆ ಗಂಡ, ಹೆಂಡತಿ, ಮದುವೆಯಾಗದ ಮಕ್ಕಳು ಸೇರಿ ಒಂದೇ ಮನೆ. ಇಡೀ ಮನೆಯ ತಿಂಗಳ ಕಂತುಗಳೆಲ್ಲ ಸೇರಿ ಮನೆಯ ಆದಾಯದ ಅರ್ಧವನ್ನು ಮೀರುವಂತಿಲ್ಲ. ಹಾಗಾಗಿ ಗಂಡನ ಬೈಕ್ ಸಾಲವೂ ಹೆಂಡತಿಯ ಸಂಘದ ಸಾಲಕ್ಕೆ ಲೆಕ್ಕಕ್ಕೆ ಬರುತ್ತದೆ. ಖಾತೆ ಜಂಟಿಯೋ ಬೇರೆಯೋ ಅನ್ನುವುದು ಅಲ್ಲಿ ಮುಖ್ಯವೇ ಅಲ್ಲ.

ಯಾವುದರಿಂದ ಅಳೆಯಬೇಕು

ಒಂದು ದಾರಿ ಆರಿಸುವ ಮುಂಚೆ ಈ ಪ್ರಶ್ನೆಗಳನ್ನು ಇಬ್ಬರೂ ಕೂತು ಕೇಳಿಕೊಳ್ಳಿ.

ಒಬ್ಬರ ಕಂತು ತಪ್ಪಿದರೆ ಇನ್ನೊಬ್ಬರ ದುಡ್ಡು ಸುರಕ್ಷಿತವಾ? ಇದನ್ನು ನಾನು ಎಲ್ಲಕ್ಕಿಂತ ಮೇಲಿಡುತ್ತೇನೆ.

ಕಂತಿನ ದಿನ ಸರಿಯಾದ ಖಾತೆಯಲ್ಲಿ ದುಡ್ಡು ಇರುತ್ತದಾ? ಒಟ್ಟಾರೆ ದುಡ್ಡಿದ್ದೂ ತಪ್ಪು ಖಾತೆಯಲ್ಲಿದ್ದರೆ ಇಎಂಐ ಬೌನ್ಸ್ ಆಗುತ್ತದೆ. ಎರಡೂ ಕಡೆ ದಂಡ ಬೀಳುತ್ತದೆ, ಸ್ಕೋರ್ ಇಳಿಯುತ್ತದೆ. ದುಡ್ಡು ಸಾಲದೆ ಆಟೋ ಡೆಬಿಟ್ ಬೌನ್ಸ್ ಆದರೆ ಚೆಕ್ ಬೌನ್ಸ್ ಥರವೇ ಕೇಸು ಹಾಕಲು 2007ರ ಪಾವತಿ ವ್ಯವಸ್ಥೆ ಕಾಯ್ದೆಯಲ್ಲಿ ಅವಕಾಶವಿದೆ.

ಮನೆಯ ಲೆಕ್ಕ ಇಬ್ಬರಿಗೂ ಕಾಣುತ್ತದಾ? ಹಾಗೆಯೇ, ಕೇಳದೆ ಖರ್ಚು ಮಾಡುವಷ್ಟು ಸ್ವಂತ ದುಡ್ಡು ಇಬ್ಬರ ಕೈಯಲ್ಲೂ ಉಳಿಯುತ್ತದಾ? ತವರಿಗೆ ಕಳಿಸುವ ಎರಡು ಸಾವಿರಕ್ಕೆ ಲೆಕ್ಕ ಒಪ್ಪಿಸಬೇಕಾದರೆ ಎಂಥ ಒಳ್ಳೆಯ ಸಂಸಾರದಲ್ಲೂ ಕಿರಿಕಿರಿ ಶುರುವಾಗುತ್ತದೆ.

ಒಬ್ಬರು ಆಸ್ಪತ್ರೆ ಸೇರಿದರೆ, ತೀರಿಕೊಂಡರೆ, ಇನ್ನೊಬ್ಬರಿಗೆ ಆ ದಿನವೇ ದುಡ್ಡು ಸಿಗುತ್ತದಾ? ಕೊನೆಯದಾಗಿ, ಹೊಂದಿಕೆ ಆಗದಿದ್ದರೆ ವಾಪಸ್ ಬರುವ ದಾರಿ ಸುಲಭವಾ?

ದಾರಿ ಒಂದು: ಎಲ್ಲವೂ ಬೇರೆ ಬೇರೆ, ಯುಪಿಐಯಲ್ಲಿ ಹಂಚಿಕೆ

ಇಬ್ಬರ ಸಂಬಳ ಅವರವರ ಖಾತೆಗೆ. ಬಾಡಿಗೆ ಒಬ್ಬರು, ದಿನಸಿ ಒಬ್ಬರು. ಬೇರೆಯವರ ಸಾಲದಿಂದ ನಿಮ್ಮ ದುಡ್ಡಿಗೆ ಇದರಷ್ಟು ರಕ್ಷಣೆ ಬೇರೆ ಯಾವುದರಲ್ಲೂ ಇಲ್ಲ. ಹೊಸ ಖಾತೆಯ ಖರ್ಚೂ ಇಲ್ಲ. ಒಬ್ಬರ ಸಾಲ ಈಗಾಗಲೇ ಸುಸ್ತಿಯಾಗಿದ್ದರೆ, ವಸೂಲಿಯವರ ಫೋನ್ ಬರುತ್ತಿದ್ದರೆ, ಯೋಚನೆಯೇ ಬೇಡ. ಸದ್ಯಕ್ಕೆ ಇದೇ ಸರಿ.

ಕೊರತೆ ಕಾಣುವುದು ದಿನಗಳೆದಂತೆ. ಬಾಡಿಗೆ ಕಟ್ಟುವವರ ಖರ್ಚು ಪ್ರತಿ ತಿಂಗಳೂ ಅಷ್ಟೇ ಇರುತ್ತದೆ. ದಿನಸಿ, ಗ್ಯಾಸು, ಹಾಲು, ಔಷಧಿ ನೋಡಿಕೊಳ್ಳುವವರ ಖರ್ಚು ಏರುತ್ತಲೇ ಹೋಗುತ್ತದೆ. ಹೆಚ್ಚಿನ ಮನೆಗಳಲ್ಲಿ ಅದು ಹೆಂಡತಿ. ಅವಳ ಓದಿನ ಸಾಲಕ್ಕೆ ಜಾಸ್ತಿ ಕಟ್ಟುವ ಶಕ್ತಿ ಅಲ್ಲೇ ಸೋರಿಹೋಗುತ್ತದೆ, ಯಾರ ಕಣ್ಣಿಗೂ ಬೀಳುವುದಿಲ್ಲ.

ಈ ದಾರಿ ಹಿಡಿಯುವವರು ಎರಡು ಕೆಲಸ ಮಾಡಿಕೊಳ್ಳಿ. ಒಬ್ಬರ ಖಾತೆಗೆ ಇನ್ನೊಬ್ಬರು ನಾಮಿನಿ ಆಗಿರಲಿ. 2025ರ ನವೆಂಬರ್‌ನಿಂದ ನಾಲ್ಕು ಜನರ ತನಕ ನಾಮಿನಿ ಮಾಡಬಹುದು, ಹಾಗಾಗಿ ಅಮ್ಮನ ಹೆಸರು ತೆಗೆಯಬೇಕಾ ಎಂಬ ಸಂಕಟವಿಲ್ಲ. ಎರಡನೆಯದು, ಯುಪಿಐ ಸರ್ಕಲ್. 2024ರಲ್ಲಿ ಬಂದ ಈ ಸೌಲಭ್ಯದಲ್ಲಿ ನಿಮ್ಮ ಖಾತೆಯಿಂದ ಇನ್ನೊಬ್ಬರು ತಮ್ಮ ಫೋನಿನಲ್ಲೇ ಪಾವತಿ ಮಾಡಬಹುದು. ಪೂರ್ತಿ ಅಧಿಕಾರ ಕೊಟ್ಟರೂ ತಿಂಗಳಿಗೆ 15,000 ರೂಪಾಯಿ, ಒಂದು ಸಲಕ್ಕೆ 5,000 ರೂಪಾಯಿ ಮಿತಿ. ಹಣ್ಣು ತರಕಾರಿಗೆ ಧಾರಾಳ ಸಾಕು. ಖಾತೆಗೆ ಹೆಸರು ಸೇರಿಸದೆಯೇ ಕೆಲಸ ನಡೆಯುತ್ತದೆ.

ದಾರಿ ಎರಡು: ಎಲ್ಲವೂ ಒಂದೇ ಜಂಟಿ ಖಾತೆಯಲ್ಲಿ

ಇಬ್ಬರ ಸಂಬಳವೂ ಒಂದೇ ಕಡೆ ಬೀಳುತ್ತದೆ, ಎಲ್ಲ ಇಎಂಐಯೂ ಅಲ್ಲಿಂದಲೇ ಹೋಗುತ್ತದೆ. ಲೆಕ್ಕ ಕನ್ನಡಿಯಷ್ಟು ಸ್ಪಷ್ಟ. ಒಂದು ಸಾಲ ಮುಗಿಸಿ ಇನ್ನೊಂದಕ್ಕೆ ಹೋಗುವ ಯೋಜನೆ ಇದ್ದರೆ ಇದರಷ್ಟು ವೇಗವಾಗಿ ಸಾಲ ಕರಗಿಸುವ ದಾರಿ ಇಲ್ಲ. ದುಡ್ಡು ನಿಮ್ಮಿಬ್ಬರ ಕಣ್ಣೆದುರೇ ಇರುತ್ತದೆ. ಎಲ್ಲಿ ಬಡ್ಡಿ ಜಾಸ್ತಿಯೋ ಅಲ್ಲಿಗೆ ಕಟ್ಟುತ್ತೀರಿ.

ಇದನ್ನು ನಾನು ಹೇಳುವುದು ಬಾಯಿಮಾತಿಗಲ್ಲ. ಕ್ರೆಡಿಟ್ ಕಾರ್ಡಿನಲ್ಲಿ 60,000 ಬಾಕಿ ಇದೆ, ಬಡ್ಡಿ ತಿಂಗಳಿಗೆ ಶೇ 3.5 ಅಂದುಕೊಳ್ಳಿ. ಒಂದು ತಿಂಗಳಿಗೆ 2,100 ರೂಪಾಯಿ, ಅದರ ಮೇಲೆ ಶೇ 18 ಜಿಎಸ್‌ಟಿ ಅಂದರೆ ಇನ್ನೂ 378. ಅದೇ 60,000 ರೂಪಾಯಿ ಉಳಿತಾಯ ಖಾತೆಯಲ್ಲಿ ಶೇ 2.5ರ ಲೆಕ್ಕದಲ್ಲಿ ತಿಂಗಳಿಗೆ ತರುವುದು 125 ರೂಪಾಯಿ. ಹೆಂಡತಿಯ ಉಳಿತಾಯ ಒಂದು ಬ್ಯಾಂಕಿನಲ್ಲಿ 125 ದುಡಿಯುತ್ತಾ ಕೂತಿರುತ್ತದೆ, ಗಂಡನ ಕಾರ್ಡು ಇನ್ನೊಂದು ಕಡೆ ಸುಮಾರು 2,500 ತಿನ್ನುತ್ತಿರುತ್ತದೆ. ಒಂದೇ ಮನೆ, ಅಲ್ವಾ? ಬೇರೆ ಬೇರೆ ಖಾತೆಯವರಿಗೆ ಇದು ಎಷ್ಟೋ ಸಲ ಗೊತ್ತೇ ಆಗುವುದಿಲ್ಲ.

ಇದರ ಬೆಲೆಯೂ ದೊಡ್ಡದೇ. ನಾನು ಮೇಲೆ ಹೇಳಿದ ಮೂರೂ ಅಪಾಯಗಳು ಇಲ್ಲಿ ಒಟ್ಟಿಗೆ ಬರುತ್ತವೆ. ಒಬ್ಬರ ಕೆಲಸ ಹೋದರೆ ಇಬ್ಬರ ಸಂಬಳವೂ ಒಬ್ಬರ ಸಾಲದ ಎದುರು ನಿಂತಿರುತ್ತದೆ. ಅಷ್ಟೂ ಅಲ್ಲದೆ, 'ಈದರ್ ಆರ್ ಸರ್ವೈವರ್' ಖಾತೆಯಲ್ಲಿ ಇಬ್ಬರಲ್ಲಿ ಯಾರು ಬೇಕಾದರೂ ಪೂರ್ತಿ ಹಣ ತೆಗೆಯಬಹುದು. ಯಾರು ಎಷ್ಟು ಹಾಕಿದರು ಅಂತ ಬ್ಯಾಂಕ್ ಕೇಳುವುದಿಲ್ಲ.

ಇಬ್ಬರ ಸಾಲವೂ ಕಂತು ತಪ್ಪದೆ ನಡೆಯುತ್ತಿದೆ, ಎರಡು ಸಂಬಳವೂ ಭದ್ರ, ಸಾಲದ ಪೂರ್ತಿ ಪಟ್ಟಿ ಇಬ್ಬರಿಗೂ ಗೊತ್ತು, ಮೂರು ತಿಂಗಳ ಖರ್ಚಾದರೂ ಪಕ್ಕಕ್ಕಿದೆ. ಇವೆಲ್ಲವೂ ಇದ್ದರೆ ಈ ದಾರಿ ಚೆನ್ನಾಗಿದೆ. ಒಂದು ಇಲ್ಲದಿದ್ದರೂ ನಾನು ಬೇಡ ಅನ್ನುತ್ತೇನೆ.

ದಾರಿ ಮೂರು: ಎರಡು ಸ್ವಂತ ಖಾತೆ, ಒಂದು ಮನೆ ಖಾತೆ

ಸಂಬಳ ಅವರವರ ಖಾತೆಗೆ ಬರುತ್ತದೆ. ಅವರವರ ಇಎಂಐ ಅಲ್ಲಿಂದಲೇ ಹೋಗುತ್ತದೆ. ಮನೆ ಖರ್ಚಿಗೆ ಬೇಕಾದಷ್ಟನ್ನು ಮಾತ್ರ ಪ್ರತಿ ತಿಂಗಳು ಇಬ್ಬರೂ ಜಂಟಿ ಖಾತೆಗೆ ಹಾಕುತ್ತಾರೆ. ಆ ಖಾತೆ ಇಬ್ಬರಿಗೂ ಯಾವ ಸಾಲವೂ, ಕ್ರೆಡಿಟ್ ಕಾರ್ಡೂ ಇಲ್ಲದ ಬ್ಯಾಂಕಿನಲ್ಲಿ ಇರಬೇಕು. ಇದೊಂದನ್ನು ದಯವಿಟ್ಟು ಬಿಡಬೇಡಿ. ಸಾಲವಿಲ್ಲದ ಬ್ಯಾಂಕಿಗೆ ಹೊಂದಿಸಿಕೊಳ್ಳಲು ಏನೂ ಇರುವುದಿಲ್ಲ.

ಸಾಲ ಇರುವ ಹೆಚ್ಚಿನ ಜೋಡಿಗಳಿಗೆ ನಾನು ಹೇಳುವುದು ಇದನ್ನೇ. ನಾವೂ ಆ 18,000ದ ಪ್ರಸಂಗದ ಮೇಲೆ ಇದಕ್ಕೇ ಬಂದೆವು. ಏನೇ ಆದರೂ ಅಪಾಯಕ್ಕೆ ಸಿಗುವುದು ಆ ತಿಂಗಳ ಮನೆ ಖರ್ಚು ಮಾತ್ರ. ಸ್ವಂತ ದುಡ್ಡು ಸ್ವಂತ ಖಾತೆಯಲ್ಲಿ ಉಳಿಯುತ್ತದೆ. ಮನೆಯ ಲೆಕ್ಕ ಇಬ್ಬರ ಫೋನಿಗೂ ಬರುತ್ತದೆ.

ಕಷ್ಟ ಇರುವುದು ಯಾರು ಎಷ್ಟು ಹಾಕಬೇಕು ಅನ್ನುವುದರಲ್ಲಿ. ಇಲ್ಲಿ ಸ್ವಲ್ಪ ನಿಧಾನವಾಗಿ ಲೆಕ್ಕ ಹಾಕೋಣ.

ತುಮಕೂರಿನ ಒಂದು ಜೋಡಿ ಅಂದುಕೊಳ್ಳಿ. ಅವನ ಕೈಗೆ ಬರುವುದು 42,000, ಪರ್ಸನಲ್ ಲೋನ್ ಕಂತು 9,500. ಅವಳ ಕೈಗೆ ಬರುವುದು 28,000, ಓದಿನ ಸಾಲದ ಕಂತು 4,000. ಮನೆ ಖರ್ಚು 35,000.

ಅರ್ಧ ಅರ್ಧ ಹಾಕಿದರೆ ಇಬ್ಬರದ್ದೂ 17,500. ಕಂತು ಕಳೆದು ಅವನ ಕೈಯಲ್ಲಿ 15,000 ಉಳಿಯುತ್ತದೆ, ಅವಳ ಕೈಯಲ್ಲಿ 6,500. ಕೇಳಲು ಸಮ ಅನ್ನಿಸುತ್ತದೆ, ಆದರೆ ಉಳಿದದ್ದನ್ನು ನೋಡಿ.

ಸಂಬಳಕ್ಕೆ ತಕ್ಕ ಹಾಗೆ ಹಾಕಿದರೆ ಅವನು 21,000, ಅವಳು 14,000. ಅವನಿಗೆ 11,500 ಉಳಿಯುತ್ತದೆ, ಅವಳಿಗೆ 10,000. ಇಲ್ಲಿ ಅವರವರ ಹಳೆಯ ಸಾಲದ ಭಾರ ಅವರವರ ಮೇಲೆಯೇ ಇರುತ್ತದೆ.

ಇಎಂಐ ಕಳೆದು ಉಳಿದದ್ದಕ್ಕೆ ತಕ್ಕ ಹಾಗೆ ಹಾಕಿದರೆ ಅವನು ಸುಮಾರು 20,100, ಅವಳು ಸುಮಾರು 14,900. ಅವನಿಗೆ 12,400, ಅವಳಿಗೆ 9,100 ಉಳಿಯುತ್ತದೆ. ಅಂದರೆ ಅವನ ದೊಡ್ಡ ಕಂತಿನ ಒಂದು ಪಾಲನ್ನು ಅವಳೂ ಹೊರುತ್ತಿದ್ದಾಳೆ.

ಯಾವುದು ನ್ಯಾಯ? ಸಾಲ ಯಾಕಾಗಿ ಆಯಿತು ಅನ್ನುವುದನ್ನು ನೋಡಿ. ಮದುವೆ ಖರ್ಚಿಗೆ, ಈಗಿನ ಮನೆಯ ಅಡ್ವಾನ್ಸಿಗೆ, ಇಬ್ಬರೂ ಬಳಸುವ ಸಾಮಾನಿಗೆ ಆದ ಸಾಲವಾದರೆ ಮೂರನೇ ಲೆಕ್ಕ ಸರಿ. ಅದು ಕಾಗದದ ಮೇಲೆ ಒಬ್ಬರ ಹೆಸರಿನಲ್ಲಿದೆ, ಅಷ್ಟೇ. ಮದುವೆಗೆ ಮುಂಚೆ ಒಬ್ಬರೇ ಮಾಡಿಕೊಂಡ ಸಾಲವಾದರೆ ಎರಡನೇ ಲೆಕ್ಕ ಒಳ್ಳೆಯದು. ಅವಳ ಸಂಬಳದ ಮೇಲೆ ತವರಿನ ಜವಾಬ್ದಾರಿ ಇದ್ದರೆ ಅದನ್ನೂ ಕಂತಿನ ಹಾಗೆಯೇ ಕಳೆದು ಲೆಕ್ಕ ಹಾಕಿ. ಅರ್ಧ ಅರ್ಧ ಅನ್ನುವುದನ್ನು ಸಂಬಳ ಹೆಚ್ಚುಕಡಿಮೆ ಒಂದೇ ಇರುವವರಿಗೆ ಬಿಡೋಣ.

ಒಬ್ಬರೇ ದುಡಿಯುವ ಮನೆಯಲ್ಲಿ? ಆಗಲೂ ಇದು ನಡೆಯುತ್ತದೆ. ದುಡಿಯುವವರು ಮನೆ ಖರ್ಚನ್ನು ಜಂಟಿ ಖಾತೆಗೆ, ಒಂದು ಸಣ್ಣ ಮೊತ್ತವನ್ನು ಇನ್ನೊಬ್ಬರ ಸ್ವಂತ ಖಾತೆಗೆ ಹಾಕಬೇಕು. ಗಂಡ ಹೆಂಡತಿ ಒಬ್ಬರಿಗೊಬ್ಬರು ಕೊಟ್ಟ ದುಡ್ಡಿಗೆ ತೆರಿಗೆ ಇಲ್ಲ. ಆ ದುಡ್ಡನ್ನು ಠೇವಣಿ ಇಟ್ಟು ಬಂದ ಬಡ್ಡಿ ಮಾತ್ರ ಕೊಟ್ಟವರ ಆದಾಯಕ್ಕೆ ಸೇರುತ್ತದೆ. ಗೃಹಲಕ್ಷ್ಮಿಯ 2,000 ರೂಪಾಯಿ ಬರುವ ಖಾತೆಯನ್ನು ಹಾಗೇ ಅವಳೊಬ್ಬಳ ಹೆಸರಲ್ಲಿ ಇಡಿ. ಅದನ್ನು ಜಂಟಿ ಮಾಡಲು ಹೋಗಬೇಡಿ.

ಖರ್ಚಿನ ವಿಷಯ. ಮೂರು ಖಾತೆ ಅಂದರೆ ಮೂರು ಕಡೆ ಮಿನಿಮಮ್ ಬ್ಯಾಲೆನ್ಸ್ ಚಿಂತೆ. ಎಸ್‌ಬಿಐ 2020ರಲ್ಲೇ ಉಳಿತಾಯ ಖಾತೆಗೆ ಇದನ್ನು ತೆಗೆದಿದೆ. ಮಂಗಳೂರಿನಲ್ಲಿ 1906ರಲ್ಲಿ ಹುಟ್ಟಿದ ನಮ್ಮ ಕೆನರಾ ಬ್ಯಾಂಕ್ 2025ರ ಜೂನ್ 1ರಿಂದ ದಂಡ ಕೈಬಿಟ್ಟಿತು. ಬೇರೆ ಬ್ಯಾಂಕಾದರೆ ಶಾಖೆಯಲ್ಲಿ ಕೇಳಿಯೇ ಸಹಿ ಹಾಕಿ. ಕೆಲವು ಖಾಸಗಿ ಬ್ಯಾಂಕುಗಳ ಮಿನಿಮಮ್ ಬ್ಯಾಲೆನ್ಸ್ ಒಂದು ಇಎಂಐಗಿಂತ ಜಾಸ್ತಿ. ಸಾಲ ಇರುವವರು ಅಷ್ಟು ದುಡ್ಡನ್ನು ಸುಮ್ನೆ ಕೂರಿಸುವುದು ನಷ್ಟ.

ದಾರಿ ನಾಲ್ಕು: ಇಬ್ಬರ ಸಹಿ ಬೇಕಾದ ಜಂಟಿ ಖಾತೆ

'ಜಾಯಿಂಟ್ಲಿ' ಎಂಬ ವಿಧಾನದಲ್ಲಿ ಇಬ್ಬರೂ ಸಹಿ ಹಾಕದೆ ರೂಪಾಯಿಯೂ ಹೊರಗೆ ಹೋಗದು. ಸಾಮಾನ್ಯವಾಗಿ ಎಟಿಎಂ ಕಾರ್ಡು, ಯುಪಿಐ ಸಿಗುವುದಿಲ್ಲ. ದಿನದ ಬಳಕೆಗೆ ಇದು ಆಗದು. ಸೈಟಿಗೆ, ಮಗುವಿನ ಓದಿಗೆ, ಸಾಲದ ಅಸಲು ಒಂದೇ ಸಲ ತೀರಿಸಲು ಅಂತ ಕೂಡಿಡುವ ದುಡ್ಡಿಗೆ ಚೆನ್ನ. ಒಬ್ಬರಿಗೆ ಖರ್ಚಿನ ಕೈ ಜಾಸ್ತಿ ಇದ್ದರೆ, ಅಥವಾ ಆನ್‌ಲೈನ್ ಆಟ, ಷೇರು ವಹಿವಾಟಿನಿಂದ ಸಾಲ ಆಗಿದ್ದರೆ ಕೂಡಿಟ್ಟ ದುಡ್ಡಿಗೆ ಇದೇ ಬೀಗ. ಆಸ್ಪತ್ರೆಯ ದುಡ್ಡನ್ನು ಮಾತ್ರ ಇಲ್ಲಿ ಇಡಬೇಡಿ. ಐಸಿಯುನಲ್ಲಿ ಇರುವವರ ಸಹಿ ಯಾರು ತರುತ್ತಾರೆ?

ನಿಮ್ಮ ಮನೆಗೆ ಯಾವುದು

ಒಬ್ಬರಿಗೆ ಸಾಲವೇ ಇಲ್ಲ, ಇನ್ನೊಬ್ಬರಿಗೆ ಬಹಳ ಇದೆ ಅಂದರೆ ಮೂರನೇ ದಾರಿ. ಸಾಲ ಇಲ್ಲದವರು ಸಹಾಯ ಮಾಡಬೇಕು ಅನ್ನಿಸಿದರೆ ತಮ್ಮ ಖಾತೆಯಿಂದ ನೇರವಾಗಿ ಆ ಸಾಲಕ್ಕೆ ಕಟ್ಟಲಿ. ಸಾಲದ ಪತ್ರಕ್ಕೆ ಸಹಿ ಹಾಕುವುದು ಬೇಡ. "ನಿಮ್ಮ ಹೆಂಡತಿಯನ್ನು ಸಹ-ಅರ್ಜಿದಾರರಾಗಿ ಸೇರಿಸಿ, ಎಲ್ಲ ಸಾಲವನ್ನೂ ಒಂದು ಮಾಡಿ ಕಂತು ಇಳಿಸಿಕೊಡುತ್ತೇವೆ" ಎಂಬ ಫೋನ್ ಬಂದರೆ ಕಂತನ್ನು ನೋಡಬೇಡಿ, ಒಟ್ಟು ಎಷ್ಟು ವರ್ಷ ಕಟ್ಟಬೇಕು ಅಂತ ನೋಡಿ. ಸಹಿ ಬಿದ್ದ ದಿನ ಆ ಸಾಲ ಪೂರ್ತಿ ಅವಳದ್ದೂ ಆಗುತ್ತದೆ, ಅರ್ಧ ಅಲ್ಲ. ಅವಳ ಸಿಬಿಲ್ ವರದಿಯಲ್ಲೂ ಅದು ಕಾಣುತ್ತದೆ. ಮುಂದೆ ಒಂದು ದಿನ ಮನೆ ಸಾಲಕ್ಕೆ ಹೋದಾಗ ಇಬ್ಬರ ಸ್ಕೋರೂ ಬೇಕಾಗುತ್ತದೆ. ಒಬ್ಬರದ್ದಾದರೂ ಚೆನ್ನಾಗಿ ಇರಲಿ.

ಇಬ್ಬರಿಗೂ ಸಣ್ಣ ಸಾಲಗಳು, ಎರಡೂ ಸರಿಯಾಗಿ ನಡೆಯುತ್ತಿವೆ, ಬೇಗ ತೀರಿಸುವ ಹಟ ಇದೆ ಅಂದರೆ ಎರಡನೇ ದಾರಿ ಧೈರ್ಯವಾಗಿ ಹಿಡಿಯಬಹುದು.

ಸಣ್ಣ ವ್ಯಾಪಾರ, ಅಂಗಡಿ ಇರುವವರು ಮನೆಯ ಜಂಟಿ ಖಾತೆಯಲ್ಲಿ ವ್ಯಾಪಾರದ ದುಡ್ಡು ಓಡಿಸಬೇಡಿ. ಪೂರೈಕೆದಾರರಿಗೆ ಆ ಖಾತೆಯಿಂದ ಚೆಕ್ ಕೊಡಲೇಬೇಡಿ. ಚೆಕ್ ಬೌನ್ಸ್ ಆದರೆ ಸಹಿ ಹಾಕಿದವರ ಮೇಲೆ ಮಾತ್ರ ಕೇಸು ನಡೆಯುತ್ತದೆ, ಸಹಿ ಹಾಕದ ಜಂಟಿ ಖಾತೆದಾರರ ಮೇಲೆ ಅಲ್ಲ ಅಂತ 2013ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆದರೂ ಮನೆ ಖಾತೆಯ ಹೆಸರು ಕೋರ್ಟಿಗೆ ಹೋಗುವುದು ಯಾರಿಗೆ ಬೇಕು? ವ್ಯಾಪಾರಸ್ಥರ ಮನೆಯಲ್ಲಿ ಇನ್ನೊಂದು ಉಪಾಯ ಇದೆ. ಗಂಡ ತನ್ನ ಜೀವ ವಿಮೆಯನ್ನು 1874ರ ವಿವಾಹಿತ ಮಹಿಳೆಯರ ಆಸ್ತಿ ಕಾಯ್ದೆಯಡಿ ಹೆಂಡತಿ ಮಕ್ಕಳ ಹೆಸರಿಗೆ ಮಾಡಿಸಿದರೆ ಆ ದುಡ್ಡಿಗೆ ಸಾಲ ಕೊಟ್ಟವರು ಕೈ ಹಾಕುವಂತಿಲ್ಲ. ಪಾಲಿಸಿ ತೆಗೆಯುವಾಗಲೇ ಆ ಫಾರಂ ಕೇಳಿ ತುಂಬಬೇಕು.

ಒಬ್ಬರು ಸಾಲವನ್ನು ಮುಚ್ಚಿಡುತ್ತಿದ್ದಾರೆ ಎಂಬ ಅನುಮಾನ ಇದ್ದರೆ? ಖಾತೆಯ ಮಾತು ಆಮೇಲೆ. ಸಿಬಿಲ್, ಎಕ್ಸ್‌ಪೀರಿಯನ್, ಇಕ್ವಿಫ್ಯಾಕ್ಸ್, ಕ್ರಿಫ್ ಹೈಮಾರ್ಕ್ ನಾಲ್ಕೂ ಕಡೆ ವರ್ಷಕ್ಕೊಂದು ವರದಿ ಉಚಿತ. ಒಂದು ಭಾನುವಾರ ಇಬ್ಬರೂ ತಮ್ಮ ತಮ್ಮ ವರದಿ ತೆಗೆದು ಪಕ್ಕ ಪಕ್ಕ ಇಟ್ಟು ಓದಿ. ಜಗಳ ಆಗಬಹುದು. ಈಗ ಆದರೆ ಒಂದು ದಿನದ ಜಗಳ. ಕೈಸಾಲ, ಚೀಟಿ, ಸೊಸೈಟಿ ಜಾಮೀನನ್ನು ಬಾಯಿಬಿಟ್ಟೇ ಹೇಳಬೇಕು, ಅವೆಲ್ಲ ವರದಿಯಲ್ಲಿ ಸಿಗುವುದಿಲ್ಲ.

ಶಾಖೆಗೆ ಹೋದ ದಿನ

ಇಬ್ಬರ ಆಧಾರ್, ಪ್ಯಾನ್, ಫೋಟೋ ಒಯ್ಯಿರಿ. ಫಾರಂನಲ್ಲಿ 'ನಿರ್ವಹಣಾ ವಿಧಾನ' ಎಂಬ ಜಾಗವನ್ನು ಖಾಲಿ ಬಿಟ್ಟು ಬರಬೇಡಿ. ಮನೆ ಖಾತೆಗೆ 'ಈದರ್ ಆರ್ ಸರ್ವೈವರ್' ಬರೆಸಿ. ಇಬ್ಬರಲ್ಲಿ ಯಾರಾದರೂ ನಡೆಸಬಹುದು, ಒಬ್ಬರು ತೀರಿಕೊಂಡರೆ ಉಳಿದವರಿಗೆ ಸಿಗುತ್ತದೆ. 'ಫಾರ್ಮರ್ ಆರ್ ಸರ್ವೈವರ್' ಅಂದರೆ ಮೊದಲ ಹೆಸರಿನವರು ಬದುಕಿರುವ ತನಕ ಅವರೊಬ್ಬರೇ ನಡೆಸುವುದು. ಗೊತ್ತಿಲ್ಲದೆ ಇದಕ್ಕೆ ಟಿಕ್ ಹಾಕಿ ಬಂದ ಹೆಂಡತಿಯರಿದ್ದಾರೆ. ಎರಡನೆಯವರ ಮೊಬೈಲ್ ನಂಬರನ್ನೂ ಖಾತೆಗೆ ಸೇರಿಸಲು ಹೇಳಿ. ಇಲ್ಲದಿದ್ದರೆ ಎಸ್ಎಂಎಸ್ ಒಬ್ಬರಿಗೇ ಬರುತ್ತದೆ, ಯುಪಿಐ ಒಬ್ಬರಿಗೇ ಸಿಗುತ್ತದೆ. ಓವರ್‌ಡ್ರಾಫ್ಟ್, ಅಂದರೆ ಖಾತೆಯಲ್ಲಿ ಇರುವುದಕ್ಕಿಂತ ಹೆಚ್ಚು ತೆಗೆಯುವ ಸೌಲಭ್ಯ, ಕೊಡುತ್ತೇವೆ ಅಂದರೆ ಬೇಡ ಅನ್ನಿ. ಜಂಟಿ ಖಾತೆಯ ಓವರ್‌ಡ್ರಾಫ್ಟ್ ಇಬ್ಬರ ಸಾಲ.

ಮುಂದೆ ಮನಸ್ತಾಪ ಬಂದರೆ, ಇಬ್ಬರಲ್ಲಿ ಒಬ್ಬರು ಬರೆದು ಕೊಟ್ಟರೂ ಬ್ಯಾಂಕ್ ಒಬ್ಬರ ಸಹಿಯ ಮೇಲೆ ಹಣ ಕೊಡುವುದನ್ನು ನಿಲ್ಲಿಸುತ್ತದೆ. ಹೆಸರು ತೆಗೆಯಲು ಮಾತ್ರ ಇಬ್ಬರ ಸಹಿಯೂ ಬೇಕು. ಕೇಳದೆ ದುಡ್ಡು ಮುರಿದುಕೊಂಡರೆ ಮೊದಲು ಬ್ಯಾಂಕಿಗೆ ಬರವಣಿಗೆಯಲ್ಲಿ ದೂರು ಕೊಟ್ಟು, ಕೊಟ್ಟಿದ್ದಕ್ಕೆ ಸ್ವೀಕೃತಿ ತೆಗೆದುಕೊಳ್ಳಿ. ಜಂಟಿ ಖಾತೆಗೆ ನೀವು ಹಾಕಿದ ದುಡ್ಡಿನ ದಾಖಲೆಯನ್ನೂ ಲಗತ್ತಿಸಿ. ನನಗೆ ಒಂದಷ್ಟು ವಾಪಸ್ ಬಂದದ್ದು ಆ ಸ್ಟೇಟ್‌ಮೆಂಟಿನಿಂದಲೇ. 30 ದಿನದಲ್ಲಿ ಉತ್ತರ ಬರದಿದ್ದರೆ ಅಥವಾ ಉತ್ತರ ಸರಿ ಅನ್ನಿಸದಿದ್ದರೆ ಆರ್‌ಬಿಐ ಒಂಬುಡ್ಸ್‌ಮನ್‌ಗೆ ಉಚಿತವಾಗಿ ದೂರು ಕೊಡಬಹುದು. ಮಾಹಿತಿಗೆ 14448ಕ್ಕೆ ಫೋನ್ ಮಾಡಿ.

ಇಎಂಐಯನ್ನು ಒಂದು ಖಾತೆಯಿಂದ ಇನ್ನೊಂದಕ್ಕೆ ಬದಲಾಯಿಸುವವರು ಹಳೆಯ ಖಾತೆಯನ್ನು ತಕ್ಷಣ ಖಾಲಿ ಮಾಡಬೇಡಿ. ಹೊಸ ಒಪ್ಪಿಗೆ ಜಾರಿಗೆ ಬರಲು ದಿನ ಹಿಡಿಯುತ್ತದೆ, ಅಷ್ಟರಲ್ಲಿ ಹಳೆಯದಕ್ಕೇ ಡೆಬಿಟ್ ಬರಬಹುದು. ಒಂದು ಕಂತಿನಷ್ಟು ದುಡ್ಡು ಎರಡೂ ಕಡೆ ಇರಲಿ. ಹೊಸ ಖಾತೆಯಿಂದ ಮೊದಲ ಕಂತು ಹೋಗಿದ್ದನ್ನು ಪಾಸ್‌ಬುಕ್ಕಿನಲ್ಲಿ ಕಣ್ಣಾರೆ ನೋಡಿದ ಮೇಲೆಯೇ ಹಳೆಯದನ್ನು ಮುಚ್ಚಿ.